ಖಾಲಿ ಜಾಗದ ಅಪರಾಧ

ಮೈಸೂರಿನಲ್ಲಿ ಉದ್ಯಾನವೊಂದು ಉದ್ಯಾನವಾಗಿಯೇ ಉಳಿಯಬೇಕಾದರೆ ಅಲ್ಲಿ ಯಾರೂ ಏನನ್ನೂ ಕಟ್ಟದೆ ಇದ್ದರೆ ಸಾಕು. ಆಡಳಿತಕ್ಕೆ ಇದಕ್ಕಿಂತ ಕಠಿಣವಾದ ಬೇಡಿಕೆಯನ್ನು ಯಾವ ನಾಗರಿಕರೂ ಮುಂದಿಟ್ಟಂತಿಲ್ಲ. ಕಟ್ಟಡವಾದರೆ ಅದಕ್ಕೊಂದು ಅಂದಾಜುಪಟ್ಟಿ, ಟೆಂಡರು, ಗುದ್ದಲಿಪೂಜೆ, ಕೊನೆಗೆ ಗ್ರಾನೈಟ್ ಫಲಕದ ಅನಾವರಣ ಎಲ್ಲವೂ ಇರುತ್ತವೆ. ಹೊಂಗೆಯ ನೆರಳಿಗೆ ಬಿಲ್ಲು ಬರೆಯುವ ವಿಧಾನವನ್ನು ಮಾತ್ರ ಯಾವ ಇಂಜಿನಿಯರೂ ಇನ್ನೂ ಕಂಡುಹಿಡಿದಿಲ್ಲ.

ಬಡಾವಣೆಯೊಂದರ ಉದ್ಯಾನ ಉಳಿಸುವ ಬಳಗದವರು ತಮ್ಮ ಚರಿತ್ರೆಯನ್ನು ಬರೆದುಕೊಡಬೇಕೆಂದು ನಡವಳಿ ಪುಸ್ತಕಗಳನ್ನು ನನ್ನ ಮುಂದಿರಿಸಿದ್ದಾರೆ. ಸಂಘಸಂಸ್ಥೆಗಳ ಚರಿತ್ರೆಯಲ್ಲಿ ಸಾಧಿಸಿದ್ದು ಏನೆಂಬ ವಿವರವಿರುವುದು ವಾಡಿಕೆ. ಇಲ್ಲಿ ಪುಟಪುಟಕ್ಕೂ ಇರುವುದು ಬೇಡವೆಂದದ್ದರ ವಿವರ. ಹಾಲಿನ ಬೂತು ಬೇಡವೆಂದರು, ಬಂತು. ಟ್ರಾನ್ಸ್‌ಫಾರ್ಮರ್ ಬೇಡವೆಂದರು, ಅದೂ ಬಂತು. ಅರಳೀಕಟ್ಟೆಯ ನಾಗರಕಲ್ಲಿನ ವಿಷಯದಲ್ಲಿ ಬಳಗ ಮೊದಲು ಸುಮ್ಮನಿತ್ತು, ಏಕೆಂದರೆ ಸದಸ್ಯರ ಮನೆಯವರೇ ಅಲ್ಲಿಗೆ ಹಾಲೆರೆಯುತ್ತಿದ್ದರು. ಆ ಕಲ್ಲಿಗೆ ಒಂದು ವರ್ಷ ತಗಡಿನ ಚಾವಣಿ ಬಂತು, ಮರುವರ್ಷ ಕಬ್ಬಿಣದ ಗೇಟು, ಅದಾದ ಮೇಲೆ ಹುಂಡಿ. ಹುಂಡಿ ಬಂದ ದಿನದಿಂದ ನಡವಳಿಯಲ್ಲಿ ಆ ವಿಷಯದ ಪ್ರಸ್ತಾಪವೇ ಇಲ್ಲ.

ಆದರೂ ಒತ್ತುವರಿಯಿಂದ ಪಾರಾದ ಉದ್ಯಾನವು ಅಭಿವೃದ್ಧಿಯಿಂದ ಪಾರಾಗುವುದು ಸುಲಭವಲ್ಲ. ಅನುದಾನ ಬಂದ ವರ್ಷ ನಡಿಗೆಯ ಹಾದಿಗೆ ಇಂಟರ್‌ಲಾಕ್ ಟೈಲ್ಸ್ ಹಾಸಿದರು. ಮುಂದಿನ ಅನುದಾನದಲ್ಲಿ ಹಾದಿಯನ್ನು ಅಗಲಗೊಳಿಸಿದರು. ಅದರ ಮುಂದಿನದರಲ್ಲಿ, ಹಾದಿಯ ನಡುವೆ ಅಸಹ್ಯವಾಗಿ ಉಳಿದಿದ್ದ ಒಂದಿಷ್ಟು ಹುಲ್ಲನ್ನು ಕಿತ್ತು, ಸಿಮೆಂಟಿನ ಜಿಂಕೆಯೊಂದನ್ನು, ಅದು ಮೇಯಲು ಏನೂ ಇಲ್ಲದ ಸ್ಥಳದಲ್ಲಿ, ನಿಲ್ಲಿಸಿದರು. ‘ಹುಲ್ಲಿನ ಮೇಲೆ ನಡೆಯಬಾರದು’ ಎಂಬ ಫಲಕವು ಮಾತ್ರ ಹಾಗೆಯೇ ಇದೆ. ಬಡಾವಣೆಯ ಜನ ಅದನ್ನು ಇಂದಿಗೂ ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ.

ಬಳಗದವರ ಆತಂಕವನ್ನು ಅತಿಯೆನ್ನುವವರು ಈ ಊರನ್ನು ಒಮ್ಮೆ ಸುತ್ತಿಬರಬೇಕು. ಸುಬ್ಬರಾಯನಕೆರೆಯಲ್ಲಿ ಕೆರೆಯಿಲ್ಲ, ದೊಡ್ಡಕೆರೆ ಮೈದಾನದಲ್ಲಿ ದಸರಾ ವಸ್ತುಪ್ರದರ್ಶನ ನಡೆಯುತ್ತದೆ. ಹೆಸರನ್ನು ಜೋಪಾನವಾಗಿಟ್ಟು ವಸ್ತುವನ್ನು ಬಿಟ್ಟುಕೊಡುವುದು ನಮಗೆ ಹಳೆಯ ಅಭ್ಯಾಸ. ನಾಳೆ ‘ಪಾರ್ಕ್’ ಎಂಬುದು ಬಸ್ ನಿಲ್ದಾಣವೊಂದರ ಹೆಸರಾಗಿ ಉಳಿದರೆ ಕಂಡಕ್ಟರನ ಹೊರತು ಯಾರೂ ಅದನ್ನು ಉಚ್ಚರಿಸಲಾರರು. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯ ಅಗಲೀಕರಣಕ್ಕೆಂದು ಮರಗಳನ್ನು ಉರುಳಿಸಿದಾಗ ಊರು ಪ್ರತಿಭಟಿಸಿತು ನಿಜ, ಆದರೆ ಉರುಳಿದ ಮೇಲೆ. ಪ್ರತಿಭಟನೆಗೆ ಪೂರ್ವಾನುಮತಿ ಪಡೆಯಬೇಕಾದ ದೇಶದಲ್ಲಿ ಕೊಡಲಿಯೇ ಮೊದಲು ತಲುಪುವುದರಲ್ಲಿ ಆಶ್ಚರ್ಯವೇನಿದೆ?

ಬಳಗದವರು ಕಾನೂನನ್ನು ಓದಿಕೊಂಡದ್ದು ಅವರ ಚರಿತ್ರೆಯ ದೊಡ್ಡ ತಿರುವು. ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣೆಗಾಗಿ ಕರ್ನಾಟಕದಲ್ಲಿ 1985ರಿಂದಲೇ ಒಂದು ಅಧಿನಿಯಮವಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಮುಖ್ಯಮಂತ್ರಿಯ ನಿರ್ದೇಶನದ ಮೇರೆಗೆ ಖಾಸಗಿ ನರ್ಸಿಂಗ್ ಹೋಮಿಗೆ ಹಂಚಿದಾಗ, ಅಲ್ಲಿಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿ, 1991ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಗೆದ್ದರು. ಈ ಎರಡನ್ನೂ ಜೆರಾಕ್ಸ್ ಮಾಡಿಸಿ ನಮ್ಮವರು ಪ್ರತಿ ಮನವಿಗೂ ಲಗತ್ತಿಸತೊಡಗಿದರು. ಬಡಾವಣೆ ರಚಿಸಿದ ಕಚೇರಿಯು ಉದ್ಯಾನವನ್ನು ಹಸ್ತಾಂತರಿಸಿಯಾಗಿದೆಯೆಂದು ಉತ್ತರಿಸಿತು. ಪಡೆದುಕೊಳ್ಳಬೇಕಾದ ಕಚೇರಿಯು ಅಂಥದ್ದೇನೂ ತನ್ನ ಕೈಸೇರಿಲ್ಲವೆಂದಿತು. ಕೊಟ್ಟವರ ಕೈಗೂ ಪಡೆದವರ ಕೈಗೂ ನಡುವಿನ ಆ ಅಂತರಿಕ್ಷದಲ್ಲಿ ಎರಡು ಎಕರೆ ಭೂಮಿ ಹಲವು ವರ್ಷ ತೇಲಿತು. ಬಳಗಕ್ಕೆ ಅದರಿಂದ ಲಾಭವೇ ಆಯಿತೆನ್ನಬೇಕು: ಯಾರದ್ದೂ ಅಲ್ಲದ ಉದ್ಯಾನದಲ್ಲಿ ಆ ವರ್ಷಗಳಲ್ಲಿ ಯಾರೂ ಏನನ್ನೂ ಕಟ್ಟಲಿಲ್ಲ.

ಇಷ್ಟು ಹೊತ್ತಿಗೆ ಮನವಿಗಳು, ಹಿಂಬರಹಗಳು, ಮಾಹಿತಿ ಹಕ್ಕಿನ ಉತ್ತರಗಳು ಸೇರಿ ಅಧ್ಯಕ್ಷರ ಮನೆಯ ಒಂದು ಕೋಣೆಯನ್ನು ಪೂರ್ತಿ ಆಕ್ರಮಿಸಿದ್ದವು. ಅಧ್ಯಕ್ಷರ ಪತ್ನಿ ತೆರವಿಗೆ ಗಡುವು ನೀಡಿದರು. ಅವರ ಗಡುವು ಕಚೇರಿಗಳ ಗಡುವಿನಂಥದ್ದಲ್ಲವಾದ್ದರಿಂದ, ತುರ್ತು ಸಭೆ ಸೇರಿದ ಬಳಗವು, ಉದ್ಯಾನ ಸಂರಕ್ಷಣೆಯ ದಾಖಲೆಗಳನ್ನು ಸಂರಕ್ಷಿಸಲು ಉದ್ಯಾನದ ಈಶಾನ್ಯ ಮೂಲೆಯಲ್ಲಿ ಹತ್ತು ಅಡಿಗೆ ಹತ್ತು ಅಡಿಯ ಪುಟ್ಟ ಕೊಠಡಿಯೊಂದನ್ನು ಕಟ್ಟಿಕೊಳ್ಳಲು ಅನುಮತಿ ಕೋರಿ ಒಮ್ಮತದಿಂದ ನಿರ್ಣಯ ಅಂಗೀಕರಿಸಿತು.

ಅಧಿಕಾರಿಗಳು ಅರ್ಜಿಯನ್ನು ಎರಡು ಬಾರಿ ಓದಿ, ಕಪಾಟಿನಿಂದ ದೂಳು ಕೊಡವಿ 1985ರ ಅಧಿನಿಯಮವನ್ನು ಹೊರತೆಗೆದರು. ‘ಸಾರ್, ನೀವೇ ಕಳಿಸಿದ ಪ್ರತಿ ಇದು. ಉದ್ಯಾನದಲ್ಲಿ ಇಂಥದ್ದಕ್ಕೆಲ್ಲ ಅವಕಾಶ ಕೊಡಲು ಬರುವುದಿಲ್ಲ’ ಎಂದು ಬಹಳ ವಿನಯದಿಂದ ತಿಳಿಸಿ, ಅದೇ ದಿನ ಲಿಖಿತ ಹಿಂಬರಹವನ್ನೂ ಕೊಟ್ಟರು. ಸರ್ವಸದಸ್ಯರ ಸಭೆಯಲ್ಲಿ ಅರ್ಧದಷ್ಟು ಜನ ಕಾನೂನು ಕೊನೆಗೂ ಜಾರಿಯಾಯಿತೆಂದು ಸಿಹಿ ಹಂಚಬೇಕೆನ್ನುತ್ತಿದ್ದಾರೆ. ಉಳಿದರ್ಧ ಮೇಲ್ಮನವಿ ಸಿದ್ಧಪಡಿಸುತ್ತಿದ್ದಾರೆ.