ಚಿತ್ರ ಕೈಯಲ್ಲೇ ಇದೆಯಲ್ಲ

"ತ್ಸುಗೆ ಅವರನ್ನು ಒಮ್ಮೆ ಭೇಟಿ ಮಾಡಬಹುದಿತ್ತಾ?" ಎಂದು ಕೇಳಿದೆ. ಟೋಕಿಯೋದ ನಮ್ಮ ಆಫೀಸಿನ ಹಿರಿಯರೊಬ್ಬರು ಯೊಶಿಹರು ತ್ಸುಗೆ ಅವರ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್ ಪುಸ್ತಕವನ್ನು ನನಗೆ ಓದಲು ಕೊಟ್ಟಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿತ್ರ ಕೈಯಲ್ಲೇ ಇದೆಯಲ್ಲ" ಎಂದರು. ಮೆತ್ತಗಿನ ಮಾತು. ಆದರೂ ಚುರುಕ್ ಎಂದಿತು.

ತ್ಸುಗೆ 1937ರಲ್ಲಿ ಹುಟ್ಟಿದವರು. ಬಾಡಿಗೆ ಪುಸ್ತಕದಂಗಡಿಗಳಿಗೆ ಮಾಂಗಾ ಬರೆದು ಹೊಟ್ಟೆ ಹೊರೆದವರು. 1968ರಲ್ಲಿ 'ಗಾರೊ' ಪತ್ರಿಕೆಯಲ್ಲಿ ಬಂದ 'ನೆಜಿಶಿಕಿ' ಎಂಬ ಕಥೆಯನ್ನು ನಾನು ಮೂರು ಸಲ ಓದಿದೆ. ಹುಡುಗನೊಬ್ಬನ ತೋಳಿಗೆ ಜೆಲ್ಲಿಫಿಶ್ ಕಚ್ಚಿ ರಕ್ತನಾಳ ತುಂಡಾಗಿದೆ. ಅದನ್ನು ಬೆರಳಲ್ಲಿ ಒತ್ತಿಹಿಡಿದು ಊರೆಲ್ಲ ಡಾಕ್ಟರನ್ನು ಹುಡುಕುತ್ತಾನೆ. ಒಂದು ಬೀದಿಯ ತುಂಬ ಬೋರ್ಡುಗಳಿವೆ, ಎಲ್ಲವೂ ಕಣ್ಣಿನ ಡಾಕ್ಟರದ್ದೇ! ಮುಖಕ್ಕೆ ಕೆಲವೇ ಗೆರೆ. ಹಿಂದಿನ ಮನೆ, ಗೋಡೆ, ಕಡಲು ಮಾತ್ರ ದಟ್ಟ ಮಸಿಯಲ್ಲಿ. ಕನಸಲ್ಲೂ ಹಾಗೇ ಅಲ್ವಾ, ಜಾಗವೇ ಜಾಸ್ತಿ ನೆನಪಿರುತ್ತದೆ. ಮಾಂಗಾ ಮಕ್ಕಳ ಓದು ಎನ್ನುತ್ತಿದ್ದ ಕಾಲದಲ್ಲಿ ಕಾಲೇಜು ಹುಡುಗರು ಇದನ್ನು ಕವಿತೆಯ ಹಾಗೆ ಓದಿದರು. ತನ್ನದೇ ಬಡತನ, ಭಯ, ಸೋಲನ್ನು ಚಿತ್ರದಲ್ಲಿ ಹೇಳಬಹುದು ಎಂಬ ಧೈರ್ಯ ನಂತರದವರಿಗೆ ಅವರಿಂದ ಬಂತು.

1987ರ ಬಳಿಕ ಅವರು ಹೊಸ ಮಾಂಗಾ ಕೊಡಲಿಲ್ಲ. ಪುಸ್ತಕಗಳು ಮಾತ್ರ ಅಂಗಡಿಯಲ್ಲಿ ಇದ್ದೇ ಇವೆ.

ನಮ್ಮಲ್ಲಿ ಒಬ್ಬ ಕಲಾವಿದರನ್ನು ಇಷ್ಟು ವರ್ಷ ಸುಮ್ಮನಿರಲು ಬಿಡುತ್ತಿದ್ದೆವಾ? ಸಭೆಗೆ ಬರಲ್ಲ ಅಂದರೆ ಜಂಬ ಅನ್ನುತ್ತೇವೆ. ನಮ್ಮೂರಲ್ಲಿ ಒಬ್ಬ ಹಿರಿಯ ಕಲಾವಿದರಿಗೆ ಸನ್ಮಾನ ಮಾಡಿದ್ದೆವು. ಶಾಲು ತಂದವನು ನಾನೇ. ಪೇಟ, ಹಣ್ಣಿನ ಬುಟ್ಟಿ, ಎರಡು ಗಂಟೆ ಭಾಷಣ. ಅವರ ಒಂದು ಚಿತ್ರವನ್ನೂ ಅಲ್ಲಿ ಇಟ್ಟಿರಲಿಲ್ಲ. ಅವರು ಕೈಮುಗಿದುಕೊಂಡೇ ಕೂತಿದ್ದರು. ಅದನ್ನು ನೆನೆದರೆ ಈಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಓದುವುದು, ನೋಡುವುದು ಗೌರವ ಅಂತ ನಮಗೆ ಯಾಕೆ ಅನಿಸುವುದಿಲ್ಲ?

ಆದರೂ ಒಂದು ಮಾತು ಒಪ್ಪಬೇಕು. 2020ರಲ್ಲಿ ಫ್ರಾನ್ಸಿನ ಆಂಗುಲೆಮ್ ಕಾಮಿಕ್ಸ್ ಉತ್ಸವ ಗೌರವಿಸಿದಾಗ ತ್ಸುಗೆ 82ನೇ ವಯಸ್ಸಿನಲ್ಲಿ ಅಷ್ಟು ದೂರ ಹೋದರು. ಕರೆಯುವುದೇ ತಪ್ಪು ಎನ್ನಲಾರೆ. ಅವರ 'ಮುನೊ ನೊ ಹಿತೊ' ಎಂಬ ಮಾಂಗಾ ಓದಿದ ರಾತ್ರಿಯಂತೂ ನನ್ನ ವಾದ ಇನ್ನಷ್ಟು ಸಡಿಲವಾಯಿತು. ಅದರಲ್ಲಿ ಕೆಲಸವಿಲ್ಲದ ಮಾಂಗಾ ಕಲಾವಿದನೊಬ್ಬ ತಾಮಾ ನದಿಯ ದಂಡೆಯಲ್ಲಿ ಕಲ್ಲು ಮಾರಲು ಕೂತಿರುತ್ತಾನೆ. ನದಿಯಲ್ಲೇ ಸಿಗುವ ಕಲ್ಲು, ಯಾರು ಕೊಳ್ಳುತ್ತಾರೆ? ನಮ್ಮವರೂ ಕೊಳ್ಳುತ್ತಿರಲಿಲ್ಲ. ಆದರೆ ಊಟ ಆಯ್ತಾ ಅಂತ ಕೇಳದೆ ಮುಂದೆ ಹೋಗುತ್ತಿರಲಿಲ್ಲ.