ಎಚ್‌ಪಿವಿ ಲಸಿಕೆಯಿಂದ ಕ್ಯಾನ್ಸರ್ ಬರುವುದಿಲ್ಲ: ಸ್ಪಷ್ಟನೆ

‘ಎಚ್‌ಪಿವಿ ಲಸಿಕೆಯಲ್ಲೇ ವೈರಸ್ ಇದೆ, ಹಾಕಿಸಿಕೊಂಡರೆ ಗರ್ಭಕಂಠದ ಕ್ಯಾನ್ಸರ್ ಬರುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಎಚ್‌ಪಿವಿ ಎಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್; ಲಸಿಕೆ ಇರುವುದು ಇದರ ಸೋಂಕು ತಡೆಯಲು.

ಕ್ಯಾನ್ಸರ್‌ಗೆ ದಾರಿ ಮಾಡಿಕೊಡುವುದು ವೈರಸ್‌ನ ಇ6, ಇ7 ಎಂಬ ಪ್ರೋಟೀನ್‌ಗಳು. ಡಿಎನ್‌ಎ ಕೆಟ್ಟ ಜೀವಕೋಶ ಬೆಳೆಯದಂತೆ ತಡೆಯುವುದು ನಮ್ಮ ಕೋಶದ ಪಿ53 ಎಂಬ ಪ್ರೋಟೀನ್. ಇ6 ನಮ್ಮದೇ ಕೋಶದ ಇ6ಎಪಿ ಕಿಣ್ವವನ್ನು ಜೊತೆಗೆ ಸೇರಿಸಿಕೊಂಡು ಈ ಪಿ53ಗೆ ‘ನಾಶಮಾಡು’ ಎಂಬ ಗುರುತಾದ ಯುಬಿಕ್ವಿಟಿನ್ ಅಂಟಿಸುತ್ತದೆ; ಆ ಗುರುತು ಬಿದ್ದ ಪಿ53 ಪ್ರೋಟೀನ್ ಒಡೆಯುವ ಕೋಶದ ಯಂತ್ರವಾದ ಪ್ರೋಟಿಯಾಸೋಮ್‌ನಲ್ಲಿ ಚೂರುಚೂರಾಗುತ್ತದೆ. ಇ7 ಕೋಶ ವಿಭಜನೆಗೆ ತಡೆಯೊಡ್ಡುವ ಆರ್‌ಬಿ ಪ್ರೋಟೀನನ್ನು ಹಿಡಿದು, ಅದು ಕಟ್ಟಿಹಾಕಿದ್ದ ಇ2ಎಫ್ ಎಂಬ, ವಿಭಜನೆಗೆ ಚಾಲನೆ ಕೊಡುವ ಪ್ರೋಟೀನನ್ನು ಬಿಡಿಸುತ್ತದೆ. ಕೋಶ ವಿಭಜನೆಗೆ ಲಗಾಮು ತಪ್ಪುತ್ತದೆ. ಆದರೂ ಹೆಚ್ಚಿನ ಸೋಂಕುಗಳು 2 ವರ್ಷದೊಳಗೆ ತಾವಾಗಿಯೇ ಹೋಗುತ್ತವೆ. ವರ್ಷಗಟ್ಟಲೆ ಉಳಿದದ್ದೇ ಅಪಾಯ.

ಲಸಿಕೆಯಲ್ಲಿರುವುದು ಎಲ್1 ಎಂಬ ಹೊರಕವಚದ ಪ್ರೋಟೀನ್. ಒಳಗೆ ವೈರಸ್‌ನ ಡಿಎನ್‌ಎ ಇಲ್ಲ, ಹಾಗಾಗಿ ಇ6, ಇ7 ತಯಾರಾಗುವುದೇ ಇಲ್ಲ. ಈಗಾಗಲೇ ತಗುಲಿದ ಸೋಂಕನ್ನು ಮಾತ್ರ ಇದು ವಾಸಿಮಾಡದು. ಅದಕ್ಕೇ ಸೋಂಕು ತಗುಲುವ ಮೊದಲೇ, ಹೆಣ್ಣುಮಕ್ಕಳಿಗೆ 9ರಿಂದ 14ರ ವಯಸ್ಸಿನಲ್ಲೇ ಹಾಕಿಸಿ.