ಸ್ಪಷ್ಟನೆ: ಸೆಂಟ್-ಜ್ಯಾರ್ಜಿ ಮತ್ತು ನಿಂಬೆಹಣ್ಣು

ಹಂಗೇರಿಯ ಜೀವರಸಾಯನ ವಿಜ್ಞಾನಿ ಆಲ್ಬರ್ಟ್ ಸೆಂಟ್-ಜ್ಯಾರ್ಜಿ ಅವರು ವಿಟಮಿನ್ ಸಿ ಯನ್ನು ಮೊದಲು ನಿಂಬೆಹಣ್ಣಿನಿಂದ ಬೇರ್ಪಡಿಸಿದರು, ಅದಕ್ಕಾಗಿಯೇ ನೊಬೆಲ್ ಪಡೆದರು ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ.

ಅವರ ಸಂಶೋಧನೆ ಸಸ್ಯಗಳ ಉಸಿರಾಟದಿಂದ ಆರಂಭವಾಯಿತು. ಶುದ್ಧ ಪೆರಾಕ್ಸಿಡೇಸ್ ಕಿಣ್ವವನ್ನು ಬೆಂಜಿಡಿನ್ ಎಂಬ ರಾಸಾಯನಿಕ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಬೆರೆಸಿದರೆ ತಕ್ಷಣ ನೀಲಿ ಬಣ್ಣ ಬರುತ್ತದೆ. ಕಿಣ್ವದ ಬದಲು ಗಿಡದ ರಸವನ್ನೇ ಹಾಕಿದಾಗ ಅದು ಸುಮಾರು ಒಂದು ಸೆಕೆಂಡು ತಡವಾಗುತ್ತಿತ್ತು. ಆ ವಿಳಂಬಕ್ಕೆ ಕಾರಣವಾದ ವಸ್ತುವನ್ನು ಹುಡುಕುತ್ತಾ ಹೋದ ಅವರು, ಕೇಂಬ್ರಿಡ್ಜ್‌ನಲ್ಲಿ ಪ್ರಾಣಿಗಳ ಅಡ್ರಿನಲ್ ಗ್ರಂಥಿಯಿಂದ (ಮೂತ್ರಪಿಂಡದ ಮೇಲಿರುವ ಗ್ರಂಥಿ), ಜೊತೆಗೆ ಕಿತ್ತಳೆ ಮತ್ತು ಎಲೆಕೋಸಿನಿಂದ, 'ಹೆಕ್ಸುರಾನಿಕ್ ಆಮ್ಲ'ವನ್ನು ಬೇರ್ಪಡಿಸಿ 1928ರಲ್ಲಿ ಪ್ರಕಟಿಸಿದರು. ಅದೇ ವಿಟಮಿನ್ ಸಿ ಎಂಬುದು ಖಚಿತವಾದದ್ದು 1932ರಲ್ಲಿ. ನಿಂಬೆರಸದಿಂದ ಬೇರ್ಪಡಿಸುವ ಕೆಲಸವನ್ನು ಅದೇ ಹೊತ್ತಿಗೆ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ವಿಜ್ಞಾನಿ ಚಾರ್ಲ್ಸ್ ಗ್ಲೆನ್ ಕಿಂಗ್ ನಡೆಸಿದ್ದರು, ಅವರ ಹೆಸರನ್ನು ಈ ಸಂದೇಶ ಸಂಪೂರ್ಣ ಮರೆತಿರುವುದು ನನಗೆ ಬೇಸರದ ಸಂಗತಿ.

ವಿಟಮಿನ್ ಸಿ ಯ ರಾಸಾಯನಿಕ ರಚನೆಯ ಅಧ್ಯಯನಕ್ಕೆ ಬೇಕಾದಷ್ಟು ಆಮ್ಲ ಕಿಲೋಗ್ರಾಂ ಲೆಕ್ಕದಲ್ಲಿ ದೊರೆತದ್ದು ಹಂಗೇರಿಯ ಸೆಗೆಡ್ ಊರಿನ ಕೆಂಪು ಪ್ಯಾಪ್ರಿಕಾ ಮೆಣಸಿನಕಾಯಿಯಿಂದ. ಕಿತ್ತಳೆಯಂಥ ಹಣ್ಣಿನ ರಸದಲ್ಲಿದ್ದ ಸಕ್ಕರೆಗಳಿಂದ ಅದನ್ನು ಬಿಡಿಸುವುದು ಬಹಳ ಕಷ್ಟವಾಗಿತ್ತು. 1937ರ ವೈದ್ಯಕೀಯ ನೊಬೆಲ್‌ನ ಉಲ್ಲೇಖದಲ್ಲಿ ಜೈವಿಕ ದಹನಕ್ರಿಯೆಗಳ (ಜೀವಕೋಶಗಳು ಆಹಾರದಿಂದ ಶಕ್ತಿ ಪಡೆಯುವ ಕ್ರಿಯೆಗಳ) ಕುರಿತ ಆವಿಷ್ಕಾರಗಳು ಮೊದಲು ಬರುತ್ತವೆ, ಅದರೊಳಗೆ ವಿಟಮಿನ್ ಸಿ ಮತ್ತು ಫ್ಯೂಮಾರಿಕ್ ಆಮ್ಲಗಳ ವಿಶೇಷ ಪ್ರಸ್ತಾಪವಿದೆ. ನಿಂಬೆಯ ಹೆಸರು ಅಲ್ಲಿಲ್ಲ.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.